ಸೋಸುವ ಪೆಟ್ಟಿಗೆ

“ಅಲ್ರೀ ಕರುಣಕ್ಕ, ಎಮ್ಮಿ ಗಬ್ಬ ನಿಂತೈತಿ ಅಂತ ನಾನು ಖುಷೀಲೆ ಹೇಳಿದ್ರ, ದಿನಾ ಸೋಪು ಹಚ್ಚಿ ತೊಳೀರಿ ಅಂತಾರಲ್ರೀ ನಿಮ್ಮ ಡಾಕ್ಟ್ರು! ಬಸುರಿಗೆ ಸೋಪು ಹಚ್ಚೋದು ಯಾವೂರ ವೈದ್ಯ ರೀ ಅದು?”

ತೊಗರ್ಸಿಯ ಉಜ್ಜಪ್ಪನವರ ಧ್ವನಿಯೇ ಹಾಗೆ. ಫೋನಿನಲ್ಲೂ ಗದ್ದೆಯ ಆಚೆ ಬದುವಿನಲ್ಲಿರುವವರನ್ನು ಕೂಗಿ ಕರೆದಂತೆ ಮಾತಾಡುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ.

“ತಪ್ಪು ನಮ್ದೇ ರೀ ಉಜ್ಜಪ್ಪಣ್ಣ. ಗಬ್ಬ ಅಂದಿದ್ದನ್ನ ಅದು ಗಬ್ಬು ಅಂತ ತಿಳ್ಕೊಂಡೈತಿ. ಎಮ್ಮಿ ನಾತ ನಿಂತೈತಿ ಅಂತ ಇಂಗ್ಲಿಷಿನಾಗ ಬರ್ದು ಕಳ್ಸೈತಿ.”

“ಅದು ಅಂದ್ರ ಯಾರ್ರೀ? ಹೊಸಾ ಹುಡುಗೀನ?”

“ಹುಡುಗಿ ಅಲ್ರೀ, ಮಷಿನ್ನು.”

“ಮೊದ್ಲು ನೀವೇ ಹೇಳ್ತಿದ್ರಿ, ಅದು ಚಲೋ ಇತ್ತು. ನಮ್ಮಾಕಿ ಕೇಳ್ತಾಳ, ಆ ಅಕ್ಕ ಮದ್ವಿ ಆಗಿ ಹೋದ್ಲೇನು ಅಂತ.”

ಫೋನಿಟ್ಟ ಮೇಲೆ ರೂಮಿನಲ್ಲಿ ಮತ್ತೆ ಫ್ಯಾನಿನ ಸದ್ದೊಂದೇ ಉಳಿಯಿತು.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ, ಹಿಟ್ಟಿನ ಗಿರಣಿಯ ಮಹಡಿ ಮೇಲೆ ನನ್ನ ಆಫೀಸು. ಆಫೀಸು ಎಂದರೆ ನಾನು, ಒಂದು ಲ್ಯಾಪ್‌ಟಾಪು, ಒಂದು ಫೋನು. ದನಕರುಗಳ ಕಾಯಿಲೆಗೆ ಸಲಹೆ ಕೊಡುವ ಒಂದು ಟ್ರಸ್ಟಿನ ಕೆಲಸ. ಡಾಕ್ಟರುಗಳು ಪುಣೆಯಲ್ಲಿ, ಅವರಿಗೆ ಕನ್ನಡ ಬಾರದು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಜನ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ನಾನು ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಡಾಕ್ಟರು ಉತ್ತರ ಬರೆದರೆ ಅದನ್ನು ಕನ್ನಡದಲ್ಲಿ ನನ್ನದೇ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಆರು ವರ್ಷ. ಒಬ್ಬರ ಮುಖವನ್ನೂ ನೋಡಿಲ್ಲ. ಆದರೆ ಕೆಮ್ಮಿದರೆ ಸಾಕು, ಯಾರೆಂದು ಹೇಳಬಲ್ಲೆ.

ಈ ವರ್ಷ ಮೇಲ್ವಿಚಾರಕ ಸಿದ್ಧಲಿಂಗೇಶ್ ಅವರು, “ಇದನ್ನೆಲ್ಲ ತಾನೇ ಆಗೋ ಹಾಗೆ ಮಾಡ್ಬಹುದಂತೆ ಮೇಡಂ, ಕೋಡ್ ಬರೆಯೋದೂ ಬೇಡ್ವಂತೆ, ನೋಡ್ತೀರಾ?” ಎಂದರು. ನೋಡಿದೆ. ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ವಿಡಿಯೋ ಹಾಕಿಕೊಂಡು, ನಿಲ್ಲಿಸಿ, ಹಿಂದಕ್ಕೆ ಎಳೆದು, ಮೂರು ವಾರದಲ್ಲಿ ಕಲಿತೆ. ಪರದೆಯ ಮೇಲೆ ಪೆಟ್ಟಿಗೆಗಳಿರುತ್ತವೆ. ಒಂದೊಂದು ಪೆಟ್ಟಿಗೆ ಒಂದೊಂದು ಆ್ಯಪು. ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಆಯಿತು. ಮಾತು ಬಂದು ಬೀಳುವ ಪೆಟ್ಟಿಗೆ, ಮಾತನ್ನು ಅಕ್ಷರ ಮಾಡುವ ಪೆಟ್ಟಿಗೆ, ಇಂಗ್ಲಿಷ್ ಮಾಡುವ ಪೆಟ್ಟಿಗೆ, ಡಾಕ್ಟರಿಗೆ ಮೇಲ್ ಹಾಕುವ ಪೆಟ್ಟಿಗೆ. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು, ನಾನು ಹೇಳಿ ಕಳಿಸುತ್ತಿದ್ದ ಆಫೀಸಿನ ನಂಬರಿನಿಂದಲೇ, ಕನ್ನಡ ಅಕ್ಷರದಲ್ಲಿ ರೈತರಿಗೆ ಹೋಗುತ್ತದೆ. ಅಲ್ಲಿಗೆ ಬಂದದ್ದನ್ನು ನಾನು ತೆರೆದು ನೋಡುವ ಕೆಲಸವೇ ಇಲ್ಲ. ಮೊದಲ ದಿನ ಒಂದು ಸಂದೇಶ ನನ್ನ ಕೈ ಸೋಕದೆ ಪುಣೆಗೆ ಹೋಗಿ ಬಂದಾಗ, ನಾನೇ ಚಪ್ಪಾಳೆ ತಟ್ಟಿಕೊಂಡಿದ್ದೆ. ಕೆಳಗೆ ಗಿರಣಿಯವರು, “ಏನಾತ್ರೀ ಮೇಲೆ?” ಎಂದು ಕೇಳಿದ್ದರು.

ಒಂದು ವಾರಕ್ಕೆ ಪುಣೆಯಿಂದ ತಕರಾರು ಬಂತು. ಈ ರೈತರು ದಿನಾ ನಮ್ಮ ಊಟ ಯಾಕೆ ವಿಚಾರಿಸುತ್ತಾರೆ? ನಮ್ಮೂರ ಮಳೆ ಇವರಿಗೇಕೆ? ಸಿದ್ಧಲಿಂಗೇಶ್, “ಅದನ್ನ ಸೋಸಿಬಿಡಿ ಮೇಡಂ” ಎಂದರು. ಹಾಗೆ ಬಂದದ್ದು ಸೋಸುವ ಪೆಟ್ಟಿಗೆ. ಅದರೊಳಗೆ ಒಂದು ಪಟ್ಟಿ ಬರೆದೆ: ಊಟ ಆಯ್ತಾ, ಊಟ ಆತೇನ್ರೀ, ಉಂಡ್ರಾ, ಚೆನ್ನಾಗಿದೀರಾ, ಅರಾಮೇನು, ಹೀಗೆ ಇನ್ನೂ ಹಲವು. ಈ ಮಾತುಗಳಿದ್ದರೆ ಕತ್ತರಿಸು. ಬೇರೇನೂ ಇಲ್ಲದೆ ಇಷ್ಟೇ ಇದ್ದರೆ, ಆ ಸಂದೇಶವನ್ನು ಅಲ್ಲಿಗೇ ಬಿಡು. ಎರಡೂ ತಾಲ್ಲೂಕಿನಲ್ಲಿ ಒಂದೇ ಮಾತನ್ನು ಎಷ್ಟು ಥರ ಆಡುತ್ತಾರೆ ಎಂದು ನೆನಪಿಸಿಕೊಂಡು, ಒಂದನ್ನೂ ಬಿಡದೆ ಬರೆದಿದ್ದೆ. ಆ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಈಗ ಉಜ್ಜಪ್ಪನವರ ಗಬ್ಬವನ್ನು ಸರಿಮಾಡಲು ದಾಖಲೆ ತೆರೆದೆ. ಯಾವ ಸಂದೇಶ ಯಾವ ಪೆಟ್ಟಿಗೆಯಲ್ಲಿ ಏನಾಯಿತು ಎಂದು ಸಾಲುಸಾಲಾಗಿ ಇರುತ್ತದೆ. ಹುಡುಕುವಾಗ ಪಕ್ಕದ ಕಾಲಮ್ಮಿನ ಮೇಲೆ ಕಣ್ಣು ಬಿತ್ತು. ಸೋಸುವ ಪೆಟ್ಟಿಗೆಯಲ್ಲೇ ನಿಂತುಹೋದ ಸಂದೇಶಗಳವು. ಅದರಲ್ಲಿ ಮೂವತ್ತೊಂದು ಒಂದೇ ನಂಬರಿನವು. ಎಲ್ಲವೂ ಮಧ್ಯಾಹ್ನ ಒಂದು ಗಂಟೆಯ ಆಸುಪಾಸು.

‘ಊಟ ಆತನೇ ಕರುಣಾ?’

‘ಊಟ ಆತನೇ?’

‘ಊಟ ಆತನೇ ಮಾರಾಯ್ತಿ?’

ಮಾಸ್ತಮ್ಮ. ಸೊರಬದ ಆಚೆಯ ಹಳ್ಳಿಯವರು. ಮನೆ ತುಂಬ ಜನ, ನಾಲ್ಕು ದನ. ಎರಡು ವರ್ಷದ ಹಿಂದೆ ನನ್ನ ಅಮ್ಮ ತೀರಿಕೊಂಡ ಹೊಸದರಲ್ಲಿ, ಕರುವಿನ ಭೇದಿಗೆ ಡಾಕ್ಟರು ಬರೆದ ಮದ್ದನ್ನು ನಾನು ಹೇಳಿ ಕಳಿಸಿದ್ದೆ. ಅದಕ್ಕೆ ಮಾಸ್ತಮ್ಮನ ಉತ್ತರ: “ಮದ್ದು ಗೊತ್ತಾತು. ನಿನ್ನ ದನಿ ಯಾಕೆ ಹಸ್ದಂಗಿದೆ? ಉಂಡಿಲ್ವನೇ?” ಅವತ್ತು ನಾನು ನಿಜಕ್ಕೂ ಉಂಡಿರಲಿಲ್ಲ. ಒಬ್ಬಳಿಗೆಂದು ಒಲೆ ಹಚ್ಚಲು ಮನಸ್ಸಾಗುತ್ತಿರಲಿಲ್ಲ. ಅವತ್ತಿನಿಂದ ದಿನಾ ಮಧ್ಯಾಹ್ನ ಕೇಳುತ್ತಿದ್ದರು. ಸುಳ್ಳು ಹೇಳಲಾಗದೆ ಡಬ್ಬಿ ತರುವುದು ರೂಢಿಯಾಯಿತು. ಅವರು ಕೇಳುವುದು ನಿಂತ ಈ ಒಂದೂವರೆ ತಿಂಗಳಿಂದ ಡಬ್ಬಿಯನ್ನು ಮತ್ತೆ ಬಿಟ್ಟಿದ್ದೆ. ಮಾಸ್ತಮ್ಮನಿಗೂ ಬೇಸರ ಬಂದಿರಬೇಕು, ಎಂದುಕೊಂಡಿದ್ದೆ.

‘ಊಟ ಆತನೇ’ ಎನ್ನುವ ರೂಪ ಆ ಪಟ್ಟಿಯ ಏಳನೇ ಸಾಲಿನಲ್ಲಿತ್ತು. ಅದನ್ನು ನಾನು ಕಲಿತದ್ದೇ ಅವರ ಬಾಯಿಂದ.

ಅದೇ ನಂಬರಿನ ಕೊನೆಯದೊಂದು ಮಾತ್ರ ಸೋಸುವ ಪೆಟ್ಟಿಗೆಯಲ್ಲಿ ನಿಂತಿರಲಿಲ್ಲ. ನಾಲ್ಕು ದಿನದ ಹಿಂದಿನದು. ‘ಇನ್ನು ಕೇಳದಿಲ್ಲ. ತಿಂದಿರ್ತೀಯ ಬಿಡು.’ ಅದರಲ್ಲಿ ಪಟ್ಟಿಯ ಯಾವ ಮಾತೂ ಇಲ್ಲದ್ದರಿಂದ ಸೀದಾ ಪುಣೆಗೆ ಹೋಗಿತ್ತು. ಡಾಕ್ಟರಿಗೆ ಏನು ಅರ್ಥವಾಯಿತೋ, ಉತ್ತರ ಬರೆದಿದ್ದರು. ಅದು ಕನ್ನಡವಾಗಿ, ನನ್ನ ನಂಬರಿನಿಂದ, ಮಾಸ್ತಮ್ಮನಿಗೆ ಮುಟ್ಟಿತ್ತು:

‘ಪ್ರಾಣಿಯು ಆಹಾರ ಸೇವಿಸುತ್ತಿದ್ದರೆ ನೀವು ಚಿಂತಿಸುವ ಅಗತ್ಯವಿಲ್ಲ.’

ಆ ಸಾಲನ್ನು ಎಷ್ಟು ಸಲ ಓದಿದೆನೋ. ಆಮೇಲೆ ಫೋನ್ ಮಾಡಿದೆ. ಆರು ವರ್ಷದಲ್ಲಿ ನಾವು ನೇರ ಮಾತಾಡಿದ್ದೇ ಇಲ್ಲ. ಹೇಳಿ ಕಳಿಸಿದ್ದು, ಕೇಳಿಸಿಕೊಂಡದ್ದು, ಅಷ್ಟೇ.

“ಯಾರು?”

“ಅಮ್ಮಾ, ನಾನು ಕರುಣಾ. ಶಿಕಾರಿಪುರದಿಂದ.”

ಅತ್ತ ಪಾತ್ರೆ ಇಟ್ಟ ಸದ್ದಾಯಿತು.

“ಓ. ಪ್ರಾಣಿ.”

“ಅಮ್ಮಾ, ಅದು ನಾನು ಬರ್ದಿದ್ದಲ್ಲ.”

“ನಿನ್ನ ನಂಬ್ರದಿಂದಾನೇ ಬಂತಲ್ಲೇ. ಅಕ್ಷರ ಕೂಡ್ಸಿ ಕೂಡ್ಸಿ ಓದ್ದೆ. ನಮ್ಮನೆ ಸೊಸೆ ಸುನಿತಾನ ಹತ್ರನೂ ಓದ್ಸಿದೆ, ನಂಗೇ ತಪ್ಪಾತೇನೋ ಅಂತ. ಅವ್ಳು ಬಿದ್ದು ಬಿದ್ದು ನಕ್ಳು.”

“ಮಷಿನ್ ಕಳ್ಸಿದ್ದಮ್ಮ ಅದು. ನೀವು ಕೇಳಿದ್ದು ಒಂದೂ ನನಗೆ ಮುಟ್ಟಿಲ್ಲ. ಇವತ್ತು ನೋಡ್ದೆ. ಮಷಿನ್ನು ತಡೆದುಬಿಟ್ಟಿತ್ತು.”

“ಮಷಿನ್ನಿಗೆ ನಾನೆಂತ ಮಾಡಿದೀನೇ, ನನ್ನ ಮಾತು ತಡ್ಯಕೆ?”

ನನ್ನ ಕಣ್ಣು ಪರದೆಯ ಏಳನೇ ಸಾಲಿನ ಮೇಲಿತ್ತು.

“ಯಾರು ಇಟ್ಟಿದ್ದು ಆ ಮಷಿನ್ನ?”

“ನಾನೇ ಅಮ್ಮ.”

“ಊಟ ಕೇಳಿದ್ರೆ ತಡಿ ಅಂತ ಹೇಳಿದ್ದೂ ನೀನೇಯಾ?”

“ನಾನೇ.”

ದೂರದಲ್ಲಿ ಯಾರೋ ಅವರನ್ನು ಕರೆದರು. ದನವೊಂದು ಕೂಗಿತು. ಇದನ್ನೆಲ್ಲ ಕೇಳಿಯೇ ಎಷ್ಟು ದಿನವಾಗಿತ್ತು.

“ಡಾಕ್ಟ್ರಿಗೆ ಹೋಗ್ಬಾರ್ದು ಅಂತ ಅಷ್ಟೇ ಅಮ್ಮ. ನಿಮ್ಮ ಮಾತು ಅದ್ರಲ್ಲಿ ಸಿಕ್ಕಿಹಾಕ್ಕೊಳತ್ತೆ ಅಂತ ನಾನು...”

“ಆತು ಬಿಡು. ಕೆಲ್ಸ ಅಂದ್ಮೇಲೆ ಇರತ್ತೆ.” ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. “ಫೋನ್ ಇಡ್ಲನೇ? ದನಕ್ಕೆ ಅಕ್ಕಚ್ಚು ನೀರು ಕೊಡೋ ಹೊತ್ತಾತು, ಕೂಗ್ತಾ ಅವೆ.”

“ಅಮ್ಮಾ, ನಾಳೆ...”

ಇಟ್ಟಿದ್ದರು. ಗಂಟೆ ಒಂದೂಕಾಲು. ಊಟದ ಮಾತು ಬರಲಿಲ್ಲ.

ಏಳನೇ ಸಾಲನ್ನು ಅಳಿಸಹೊರಟೆ. ಅಳಿಸಿದರೆ ಆ ಮಾತು ಪುಣೆಗೇ ಹೋಗುತ್ತದೆ ಎಂದು ಹೊಳೆದು, ಅದನ್ನು ಹಾಗೇ ಬಿಟ್ಟು, ಸೋಸುವ ಪೆಟ್ಟಿಗೆಯ ಕಸದ ಕಡೆಗಿದ್ದ ಗೆರೆಯನ್ನು ಕಿತ್ತು, ಹೊಸ ಗೆರೆ ಎಳೆದು ನನ್ನ ಸ್ವಂತ ಫೋನಿಗೆ ಜೋಡಿಸಿದೆ. ಡಾಕ್ಟರಿಗೆ ಬೇಡವಾದದ್ದೆಲ್ಲ, ಅಕ್ಷರವಾಗದೆ ಉಳಿದದ್ದೂ, ಧ್ವನಿಯ ಸಮೇತ ಇನ್ನು ಇಲ್ಲಿಗೆ ಬರಲಿ. ಗಬ್ಬವನ್ನೂ ಸರಿಮಾಡಿ, ಉಜ್ಜಪ್ಪನವರಿಗೆ ನನ್ನದೇ ದನಿಯಲ್ಲಿ ಹೇಳಿ ಕಳಿಸಿದೆ: “ಸೋಪು ಬ್ಯಾಡ್ರೀ ಅಣ್ಣ.”

ಮರುದಿನ ಬೆಳಿಗ್ಗೆ ಎದ್ದು ಅನ್ನ ಮಾಡಿ, ಡಬ್ಬಿಗೆ ತುಂಬಿಕೊಂಡು ಬಂದೆ. ಹನ್ನೆರಡೂವರೆಯಿಂದ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಒಂದು ಗಂಟೆಗೆ ಕೆಳಗೆ ಗಿರಣಿ ನಿಂತಿತು. ಒಂದೂಕಾಲಾಯಿತು. ಒಂದೂವರೆಯೂ ಆಯಿತು.

ಒಂದು ನಲವತ್ತಕ್ಕೆ ಫೋನು ಕುಂಯ್‌ಗುಟ್ಟಿತು. ಹೊಸ ಗೆರೆಯ ಮೇಲೆ ಬಂದ ಮೊದಲ ಸಂದೇಶ. ಮಾಸ್ತಮ್ಮನ ನಂಬರು, ಆರು ಸೆಕೆಂಡಿನ ಧ್ವನಿ. ಅಕ್ಷರ ಮಾಡುವ ಪೆಟ್ಟಿಗೆ ಅದರ ಕೆಳಗೆ ‘ಮಾತು ಕಂಡುಬಂದಿಲ್ಲ’ ಎಂದು ಬರೆದಿತ್ತು.

ಕಿವಿಗೆ ಹಿಡಿದೆ. ಬಳೆ ಸದ್ದು. ಗಂಟಲು ಸರಿಮಾಡಿಕೊಂಡದ್ದು. ಆಮೇಲೆ ಒಂದು ಉಸಿರು, ಅಷ್ಟರಲ್ಲಿ ಮುಗಿದಿತ್ತು.

ಇನ್ನೊಂದು ಸಲ ಕೇಳಿ, ಡಬ್ಬಿಯ ಮುಚ್ಚಳ ತೆಗೆದೆ.