ಕೆಳಗಿನ ಮನೆಯ ಒಲೆ

"ಬಾಳಿಕಾಯಿ ತಗೊಂಡು ಏನ್ ಮಾಡ್ತಿಯವ್ವಾ? ಕಮಲಾಪುರಕ್ಕ ಬಂದು ಕೆಂಪ ಬಾಳಿಹಣ್ಣ ಬಿಟ್ಟು ಕಾಯಿ ಕೇಳಾಕಿ ನೀನೊಬ್ಬಾಕೀನ ನೋಡು."

ಹೆದ್ದಾರಿ ಬದಿಯ ಅಂಗಡಿಯಲ್ಲಿ ಶಂಕ್ರಮ್ಮ ನಕ್ಕಳು. ನಲುಬೆಗಾ ನಗಲಿಲ್ಲ. ಉಗಾಂಡಾದಿಂದ ಫಿಸಿಯೋಥೆರಪಿ ಓದಲು ಕಲಬುರಗಿಗೆ ಬಂದು ಎರಡು ವರ್ಷವಾಗಿತ್ತು. ರೋಗಿಗಳ ಮೊಣಕಾಲು ಬಗ್ಗಿಸುತ್ತ, ಚಾಚಿಸುತ್ತ ಕಲಿತ ಕನ್ನಡ ಅವಳದು.

"ಅವ್ವ ಸತ್ತಾಳ," ಎಂದಳು. "ನಮ್ಮ ಕಡೆ ಕಾಯಿ ಕುದಿಸಿ ಬಂದವ್ರಿಗೆ ಉಣಸ್ತಾರ."

ಶಂಕ್ರಮ್ಮ ಕುಡುಗೋಲು ಹಿಡಿದು ಹಿಂದಿನ ತೋಟಕ್ಕೆ ಹೋಗಿ ಅರ್ಧ ಗೊನೆ ಕಾಯಿ, ಒಂದಿಷ್ಟು ಎಲೆ ತಂದಳು. "ಎಲಿ ಹರದಾವು. ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಹೋಗು."

ಅಣ್ಣ ಫೋನು ಮಾಡಿದ್ದು ನಿನ್ನೆ ಬೆಳಿಗ್ಗೆ. ಹೂಳುವುದು ಅವತ್ತೇ, ಹೊರಟರೂ ಮುಟ್ಟುವುದಿಲ್ಲ, ಬರಬೇಡ ಎಂದಿದ್ದ. ಈ ಊರಿನಲ್ಲಿ ಅವ್ವನನ್ನು ಕಂಡವರು ಯಾರೂ ಇಲ್ಲ. ಅವಳ ಹೆಸರಿನಲ್ಲಿ ಯಾರಾದರೂ ತನ್ನ ಕೈಯಿಂದ ಉಂಡರೆ ಸಾಕು ಎಂದು ನಲುಬೆಗಾ ದಾರಿಯುದ್ದಕ್ಕೂ ಅಂದುಕೊಂಡಳು.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಅಕ್ಬರಿ ಬೇಗಂ ಮನೆಯ ಮೇಲಿನ ಕೋಣೆ ಅವಳ ಬಾಡಿಗೆಯದು. ನಿನ್ನೆಯಿಂದ ಹೊತ್ತುಹೊತ್ತಿಗೆ ಕೆಳಗಿನಿಂದ ಊಟ ಬರುತ್ತಿತ್ತು. ಕನಿಕರಕ್ಕೆ ಕಳಿಸುತ್ತಾರೆ ಎಂದುಕೊಂಡಿದ್ದಳು. ಕಾಯಿ ಸುಲಿದಳು, ಅಂಟು ಬೆರಳಿಗೆ ಕಪ್ಪಗೆ ಹತ್ತಿತು. ಎಲೆಯಲ್ಲಿ ಸುತ್ತಿ ಪಾತೇಲಿಯಲ್ಲಿಟ್ಟು ಗ್ಯಾಸ್ ಹಚ್ಚಿದಳು.

ಗೋಡೆ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಅಕ್ಬರಿ ಬೇಗಂ ಮೊದಲು ಗ್ಯಾಸ್ ಬಂದ್ ಮಾಡಿದಳು.

"ಯಾ ಅಲ್ಲಾ! ಸಾವಾದ ಮನ್ಯಾಗ ಮೂರು ದಿನ ಒಲಿ ಹಚ್ತಾರೇನು? ನಾವೇನು ಇಲ್ಲೇನು? ಊಟ ಕಳಸಾಕತ್ತಿಲ್ಲೇನು?"

"ನನಗಲ್ಲ, ಖಾಲಾ. ನಿಮಗ ಉಣಸಬೇಕು."

"ಸಾವಿನ ಮನಿ ಒಲಿ ಮ್ಯಾಲಿಂದು ನಾವು ಮುಟ್ಟೂದಿಲ್ಲ, ಬೇಟಾ."

ನಲುಬೆಗಾ ಪಾತೇಲಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಅಳಲಿಲ್ಲ. ಹೋಗದ ಅಂಟನ್ನು ಲಂಗಕ್ಕೆ ಒರೆಸುತ್ತಲೇ ಇದ್ದಳು. ಅಕ್ಬರಿ ಬೇಗಂ ಎಲೆಯ ಗಂಟನ್ನೂ ಆ ಬೆರಳುಗಳನ್ನೂ ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲ ಬಾಯಿಗೆ ಹೋಗಿ ಸೊಸೆಯನ್ನು ಕೂಗಿದಳು.

"ಸನೋಬರ್! ದಾಲ್ ಇಳಸು. ದೊಡ್ಡ ಒಲಿ ಖಾಲಿ ಮಾಡು."

"ಯಾಕ್ರೀ ಅಮ್ಮೀ? ಇನ್ನಾ ಬೆಂದಿಲ್ಲ!"

"ಬೆಂದಿಲ್ಲಂದ್ರ ನಾಳೆ ಬೇಯ್ತದ. ಇಳಸು." ನಲುಬೆಗಾಳತ್ತ ತಿರುಗಿದಳು. "ಏಳು, ಪಾತೇಲಿ ಹಿಡಿ. ನಮ್ಮ ಒಲಿಗೇನಾಗೇದ? ಅಲ್ಲೇನ್ ಯಾರೂ ಸತ್ತಿಲ್ಲ." ಅಂದವಳು ಮಾತು ಬಿರುಸಾಯಿತೇನೋ ಎಂಬಂತೆ ಅವಳ ತಲೆ ಸವರಿದಳು.

ಕೆಳಗೆ ಬೆಂದ ಎಲೆಯ ವಾಸನೆ ಅಂಗಳದವರೆಗೂ ಹರಡಿತು. ಪಕ್ಕದ ಮನೆಯ ಹೆಂಗಸರು ದುಪಟ್ಟಾ ತಲೆಗೆಳೆದುಕೊಂಡು ಬಂದು ಚಾಪೆಯ ಮೇಲೆ ಕೂತರು. ನಲುಬೆಗಾ ಎಲೆಯ ಮೇಲಿನಿಂದಲೇ ಕಾಯಿಯನ್ನು ಅದುಮಿ ಮೆತ್ತಗೆ ಮಾಡಿ, ತನ್ನ ಊರಿನ ಪದ್ಧತಿಯಂತೆ ಮೊಣಕಾಲೂರಿ ಬಡಿಸಿದಳು.

"ನಿಮ್ಮ ಅಮ್ಮೀ ಹೆಸರೇನು?"

"ನಂತೇಜಾ."

"ನಂತೇಜಾ," ಎಂದು ಅಕ್ಬರಿ ಬೇಗಂ ಮೆಲ್ಲಗೆ ಹೇಳಿ, ಬಿಸ್ಮಿಲ್ಲಾ ಎಂದು ಮೊದಲ ತುತ್ತು ಬಾಯಿಗಿಟ್ಟಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಮರತಿಯೇನು?"

"ನಾವು ಹಾಕೂದಿಲ್ಲ, ಖಾಲಾ."

ಅಕ್ಬರಿ ಬೇಗಂ ನಿಧಾನಕ್ಕೆ ಅಗಿದು ನುಂಗಿದಳು. ತಟ್ಟೆಯಲ್ಲಿದ್ದುದನ್ನು ಬಳಿದು ಮುಗಿಸಿದಳು. ಆಮೇಲೆ ಖಾಲಿ ತಟ್ಟೆಯನ್ನು ಮತ್ತೆ ನಲುಬೆಗಾಳ ಮುಂದೆ ಹಿಡಿದಳು.