ಸಮ ಬಾರದ ಮೀಸೆ

ಎಡಗಡೆ ಒಂದೆಳೆ ಉದ್ದ, ಇಲ್ಲ, ಉದ್ದವಲ್ಲ, ಬಿಸಿಲು ಕನ್ನಡಿಗೆ ಬಡಿದು ಹಾಗೆ ಕಾಣುತ್ತಿದೆ — ಕ್ಷೌರಿಕನ ಕತ್ತರಿ ಗಾಳಿಯಲ್ಲೇ ಎರಡು ಸಲ ಕಚಕಚ ಅಂದು ನಿಂತಿತು, ಕುರ್ಚಿಯಲ್ಲಿ ಭಾವ, ಅಕ್ಕನ ಗಂಡ, ಊರಿನ ಅರ್ಧ ಗಡಿಯಾರಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡಿದವರು, ಬಿಳಿ ಬಟ್ಟೆ ಹೊದ್ದು ಮಗುವಿನ ಹಾಗೆ ಕಣ್ಣು ಮುಚ್ಚಿದ್ದಾರೆ, ನಾಲ್ಕು ತಿಂಗಳ ಮೇಲೆ ಬಂದಿದ್ದಾರೆ, ತಮ್ಮ ಕಾಲ ಮೇಲೇ ನಡೆದು, ಕೂರುವಾಗಲೇ ಅಂದರು, ಏ ಕತ್ತರಿ, ಮೀಸೆ ಸಮ ಬಂದ್ರೆ ನಾಳೆನೇ ನನ್ನ ಅಂಗಡಿ ಬಾಗಿಲು ತೆಗಿತೀನಿ, ಬರ್ಲಿಲ್ಲ ಅಂದ್ರೆ ನಿನ್ನ ಅಕ್ಕನ ಹತ್ರ ನೀನೇ ಮಾತಾಡ್ಕೋ. ಎಂಥ ಭಾರ ಹೊರಿಸಿದರಪ್ಪ.

ನಾಲ್ಕು ತಿಂಗಳ ಹಿಂದೆ, ಅವತ್ತೂ ಇದೇ ಬಿಸಿಲು, ಇದೇ ಕುರ್ಚಿ. ಮೀಸೆಯ ಎಡತುದಿ ಜೋತುಬಿದ್ದಂತಿತ್ತು, ಚೂರು ಕತ್ತರಿಸಿದ, ಈಗ ಬಲಗಡೆ ಹೆಚ್ಚಾಯಿತು, ಅದನ್ನೂ ಕತ್ತರಿಸಿದ, ಮತ್ತೆ ಎಡ ಇಳಿದಿದೆ, ಮೂವತ್ತು ವರ್ಷದ ಕಸುಬು, ಕೈ ಕೆಟ್ಟಿತೋ, ಕನ್ನಡಕ ಬದಲಿಸಬೇಕೋ, ಅಕ್ಕ ಮದುವೆಯಾದದ್ದೇ ಆ ಮೀಸೆ ನೋಡಿ, ಅದು ಕರಗಿ ಕರಗಿ ಇರುವೆ ಸಾಲಿನಷ್ಟಾಯಿತು, ಇನ್ನೂ ಸೊಟ್ಟ — ಆಗ ಕಂಡಿತು, ಸೊಟ್ಟಗಿರುವುದು ಮೀಸೆಯಲ್ಲ, ಬಾಯಿ. ಕನ್ನಡಿಯ ಮೂಲೆಯಲ್ಲಿ ನರ್ಸಾಗಿರುವ ಮಗಳು ಅಂಟಿಸಿದ, ಲಕ್ವದ ಗುರುತು ಹೇಳುವ ಚೀಟಿ, ಮುಖ, ಕೈ, ಮಾತು, ಟೈಮು, ಅಂಟಿಸುವಾಗ ಅವನೇ ರೇಗಿದ್ದ, ಕ್ಷೌರಕ್ಕೆ ಬಂದೋರು ರೋಗದ ವಿಷ್ಯ ಓದ್ತಾರೇನೇ, ಅವಳು ನಕ್ಕಿದ್ದಳು, ಅಪ್ಪ, ಜನ ಮುಖ ನೋಡ್ಕೊಳ್ಳೋದು ಇಲ್ಲೇ ತಾನೆ. ಭಾವ, ಒಂಚೂರು ನಗಿ. ನಗು ಬಲಕ್ಕೆ ಮಾತ್ರ ಹೋಯಿತು. ಎರಡೂ ಕೈ ಎತ್ತಿ. ಎರಡೂ ಎದ್ದವು, ಎಡಗೈ ಮೆಲ್ಲಗೆ ಇಳಿಯಿತು. ಯಾಕೋ ಅಂತ ಭಾವ ಕೇಳಹೊರಟ ಮಾತು ಬಾಯಲ್ಲೇ ಕಲಸಿಹೋಯಿತು. ಸರದಿಗೆ ಕೂತಿದ್ದ ಬಸ್ ಡ್ರೈವರು, ಬಿಸಿಲಿಗೆ ತಲೆ ಸುತ್ತಿರ್ಬೇಕು, ನೀರು ಕುಡ್ಸಿ ಮಲಗ್ಸಿ, ಸರಿಹೋಗ್ತಾರೆ ಅಂದ. ನೀರೂ ಬೇಡ, ಮಲಗೋದೂ ಬೇಡ, ಮಗಳು ನೂರು ಸಲ ಹೇಳಿದ್ದಾಳೆ, ನೀರು ಗಂಟಲಲ್ಲಿ ಸಿಕ್ಕೊಳ್ಳುತ್ತೆ, ಮಲಗಿದ್ರೆ ಹೊತ್ತು ಹೋಗುತ್ತೆ — ಆಂಬುಲೆನ್ಸಿಗೆ ಫೋನು ಮಾಡಿ ಗೋಡೆ ನೋಡಿದ, ಭಾವನೇ ರಿಪೇರಿ ಮಾಡಿಕೊಟ್ಟ ಗಡಿಯಾರ, ಹತ್ತು ಗಂಟೆ ಇಪ್ಪತ್ತು ನಿಮಿಷ, ಅಂಗೈ ಮೇಲೆ ಬರೆದುಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅದು, ಯಾವಾಗ ಶುರುವಾಯ್ತು, ಅವನು ಅಂಗೈ ಚಾಚಿದ, ಕುರ್ಚಿಗೆ ಬಂದು ಕೂತಾಗ ಸರಿಯಾಗೇ ಇದ್ರು ಸಾರ್. ಹಾಗಾದ್ರೆ ಹೊತ್ತು ಮೀರಿಲ್ಲ ಅಂದರು ಡಾಕ್ಟರು, ಸ್ಕ್ಯಾನು ಮಾಡಿಸಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನು ಕೊಟ್ಟರು. ಲಕ್ವ ಹೊಡೆದ್ರೆ ಮುಗೀತು ಅಲ್ವೇನೋ ಅಂತ ಅಕ್ಕ ಅವನ ಭುಜಕ್ಕೆ ಒರಗಿ ಅತ್ತಳು, ಮೂರನೇ ದಿನ ಭಾವನ ಎಡಗೈ ಅವಳ ಬೆರಳು ಹಿಡಿಯಿತು, ಕಣ್ಣೊರೆಸಿಕೊಂಡು ಅವಳು ಅಂದ ಮೊದಲ ಮಾತು, ಅವರ ಮೀಸೆ ಏನೋ ಮಾಡ್ದೆ ಪಾಪಿ. ಇಡೀ ವಾರ್ಡು ನಕ್ಕಿತು, ಅವನಿಗೆ ಮಾತ್ರ ಖುಷಿಗೆ ಅಳು ಬಂತು, ಈಗ ನೆನೆದರೂ ಬರುತ್ತದೆ, ಬೇಡ, ಕೈಯಲ್ಲಿ ಕತ್ತರಿಯಿದೆ.

ಬಲಗಡೆ ಮುಗಿಯಿತು, ಎಡಗಡೆ, ಉಸಿರು ಹಿಡಿದು ಒಂದೇ ಕಚಕ್, ಬ್ರಶ್ಶಿನಿಂದ ಕೂದಲು ಕೊಡವಿ ಹಿಂದೆ ಸರಿದ. ಭಾವ, ಒಂಚೂರು ನಗಿ. ಅವರು ಕಣ್ಣು ಬಿಟ್ಟು ಕನ್ನಡಿ ನೋಡಿದರು, ನಿನ್ನ ಮುಖ ನೋಡಿದ್ರೆ ನಗು ತಾನಾಗೇ ಬರುತ್ತೆ ಕಣೋ, ಒಂದಕ್ಷರವೂ ಕಲಸಲಿಲ್ಲ — ಬಲತುದಿ ಎದ್ದಿತು, ಎಡತುದಿ ಇನ್ನೂ ಅಲ್ಲೇ, ಅಲ್ಲೇ, ಅರೆಗಳಿಗೆ ಹಿಂದೆ ನಡೆಯುವ ಗಡಿಯಾರ, ಪರವಾಗಿಲ್ಲ ಭಾವ, ನಿಧಾನ, ಏಳುತ್ತಿದೆ, ಎಡತುದಿ ಏಳುತ್ತಿದೆ, ಬಲದ ಸಮಕ್ಕೆ ಬಂತು, ಸಮ ಬಂತು ಭಾವ, ನಾಳೆ ಅಂಗಡಿ ಬಾಗಿಲು ತೆಗೀರಿ —