ತಾಜುವಿನ ಜಾಗ

"ಅಲ್ಲಿ ಬ್ಯಾಡ್ರಿ ಮೇಷ್ಟ್ರೇ, ಅದು ನಮ್ ತಾಜು ಕುಂತ್ಕಳೋ ಜಾಗ. ಈ ಕಡೀಕೆ ಬರ್ರಿ."

ಅರ್ಧ ಕೂತಿದ್ದ ಪ್ರಭು ಎದ್ದ. ನಾಗಕ್ಕ ಇನ್ನೊಂದು ಕಡೆ ಹೊಸ ಚಾಪೆ ಬಿಡಿಸಿ ಹಾಸಿದಳು. ಅದು ಅಂಗಡಿಯ ವಾಸನೆ ಹೊಡೆಯುತ್ತಿತ್ತು. ತಾಜು ಕೂರುವಲ್ಲಿ ಚಾಪೆಯೇ ಇರಲಿಲ್ಲ, ಬರೀ ಸಾರಿಸಿದ ನೆಲ, ಒರಗಿಕೊಳ್ಳಲು ಕಂಬ.

ತಾಜುದ್ದೀನ್ ಪ್ರಭುವಿನ ಸಹೋದ್ಯೋಗಿ. ಚಿತ್ರದುರ್ಗದ ಕಾಲೇಜೊಂದರಲ್ಲಿ ಇಬ್ಬರದೂ ಎದುರುಬದುರು ಮೇಜು. ಮೂರು ವರ್ಷಗಳ ಹಿಂದೆ ತಾಜುದ್ದೀನ್ ಹಿರಿಯೂರು ಬಳಿಯ ಈ ಕುರಿಗಾರರ ಹಟ್ಟಿಗೆ ಬಂದು, ಇವರ ಅತಿಥಿ ಸತ್ಕಾರದ ಬಗ್ಗೆ ಪುಸ್ತಕ ಬರೆದಿದ್ದ. ಮುನ್ನುಡಿಯಲ್ಲಿ ನಾಗಕ್ಕನನ್ನು 'ನನ್ನ ಎರಡನೇ ತಾಯಿ' ಎಂದಿದ್ದ. ಉತ್ಪ್ರೇಕ್ಷೆ ಎಂದುಕೊಂಡಿದ್ದ ಪ್ರಭು. ಅದು ಉತ್ಪ್ರೇಕ್ಷೆಯೇ ಎಂದು ಕಣ್ಣಾರೆ ಕಂಡು ಬರಲು ಈ ಭಾನುವಾರ ಬಬ್ಬೂರಿನಲ್ಲಿ ಬಸ್ಸಿಳಿದು ಆಟೊ ಹಿಡಿದಿದ್ದ. ತಾನೂ ಒಂದು ಲೇಖನ ಬರೆಯಬೇಕೆಂಬುದು ನೆಪ.

ಸತ್ಕಾರಕ್ಕೇನೂ ಕೊರತೆಯಾಗಿರಲಿಲ್ಲ. ಮುಳ್ಳುಬೇಲಿಯ ಆಚೆ ಚಪ್ಪಲಿ ಬಿಟ್ಟು ಒಳಬಂದ ಕೂಡಲೇ ನಾಗಕ್ಕನ ಗಂಡ ಕಾಟಯ್ಯ ಚೊಂಬಿನಲ್ಲಿ ನೀರು ತಂದು ಅವನ ಕಾಲ ಮೇಲೆ ತಾನೇ ಸುರಿದಿದ್ದ.

ಪ್ರಭು ಫೋನಿನಲ್ಲಿ ರೆಕಾರ್ಡರ್ ಒತ್ತಿದ. "ಬಂದವರ ಕಾಲಿಗೆ ನೀರು ಹಾಕೋದು ಯಾಕೆ?"

"ಧೂಳು ಇರ್ತೈತಲ್ರಿ."

"ಎಲ್ಲರಿಗೂ ಹಾಕ್ತೀರಾ?"

"ನಿಮ್ಮಂಥ ದೊಡ್ಡೋರಿಗೆ ಹಾಕ್ಲೇಬೇಕು. ತಾಜುಗೆಲ್ಲಿ ಹಾಕ್ತೀವಿ? ಬಂದೋನೇ ಕುರಿ ತೊಟ್ಟಿಗೆ ಕಾಲಿಡ್ತಾನೆ, ಕತ್ತೆ." ಕಾಟಯ್ಯ ನಕ್ಕ. ಒಲೆಯ ಮುಂದಿನಿಂದ ನಾಗಕ್ಕನೂ ನಕ್ಕಳು.

ಕತ್ತೆ. ಪ್ರಭುವಿನ ಎದೆಯೊಳಗೆ ಏನೋ ಕುಟುಕಿತು. ತನ್ನನ್ನು ಯಾರಾದರೂ ಕತ್ತೆ ಎಂದು ಎಷ್ಟು ವರ್ಷವಾಯಿತು? ಹೆಂಡತಿ ಕಾವ್ಯಶ್ರೀ ಕೂಡ ಅವನಿಗೆ 'ನೀವು' ಎನ್ನುತ್ತಿದ್ದಳು, ಜಗಳದಲ್ಲೂ.

ಬಸ್ಸಿನಲ್ಲಿ ಬರುವಾಗ ಒಂದು ಮಾತು ಮನಸ್ಸಿನಲ್ಲಿತ್ತು. ಅದನ್ನು ಅವನು ತನಗೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ತಾಜುದ್ದೀನನಿಗೇ ಇಷ್ಟು ಸಿಕ್ಕಿದ್ದರೆ ಪ್ರಭುವಿಗೆ ಇನ್ನೆಷ್ಟು ಸಿಗಬೇಡ! ಹೆಸರೇ ತನ್ನನ್ನು ಒಂದು ಹೆಜ್ಜೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂದುಕೊಂಡಿದ್ದ.

ಊಟಕ್ಕೆ ರಾಗಿಮುದ್ದೆ, ಹುರುಳಿ ಸಾರು. ಪಕ್ಕದಲ್ಲಿ ಅವನೊಬ್ಬನಿಗೇ ಅನ್ನ.

"ಮುದ್ದೆ ನುಂಗಾಕೆ ಬರ್ತೈತೋ ಇಲ್ವೋ ಅಂತ," ಎಂದಳು ನಾಗಕ್ಕ. "ತಾಜುಗೆ ನಾನೇ ಕಲಿಸ್ದೆ. ಮೊದ್ಲು ಗಂಟಲಾಗೆ ಸಿಗಾಕ್ಕಂಡು ಕಣ್ಣಾಗೆಲ್ಲ ನೀರು ಅವನಿಗೆ."

"ನನಗೆ ಬರುತ್ತೆ," ಎಂದು ಪ್ರಭು ದೊಡ್ಡ ತುತ್ತು ಮುರಿದು ನುಂಗಿದ. ಗಂಟಲು ಸುಟ್ಟಿತು. ತಲೆ ಎತ್ತಿದರೆ ನಾಗಕ್ಕ ಅಲ್ಲಿರಲಿಲ್ಲ.

ಒಳಗಿನಿಂದ ಬಂದವಳ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. "ತುಪ್ಪ. ತಾಜುಗೆ ಕೊಡ್ರಿ. ಯಾಕ್ರಿ ಬರವಲ್ಲ ಅವನು? ಆರು ತಿಂಗ್ಳಾತು."

ಡಬ್ಬಿ ಬೆಚ್ಚಗಿತ್ತು. ಇದನ್ನು ಹೊರುವುದಕ್ಕಾಗಿ ಬಂದೆ ಅನ್ನಿಸಿತು ಅವನಿಗೆ.

"ತಾಜುದ್ದೀನ್ ಈಗ ಇಲ್ಲ," ಎಂದ.

ಊರಲ್ಲಿ ಇಲ್ಲ, ಸೆಮಿನಾರಿಗೆ ಹೋಗಿದ್ದಾನೆ. ಅಷ್ಟೇ ಅವನು ಹೇಳಬೇಕೆಂದಿದ್ದದ್ದು. ಮಾತಿನ ಉಳಿದರ್ಧ ನಾಲಿಗೆಯ ಮೇಲೇ ಇತ್ತು. ಆದರೆ ನಾಗಕ್ಕನ ಮುಖ ಅದನ್ನು ಆಗಲೇ ಬೇರೆ ರೀತಿಯಲ್ಲಿ ಪೂರ್ತಿ ಮಾಡಿಕೊಂಡಿತ್ತು.

"ಯಾವಾಗ?" ಎಂದ ಕಾಟಯ್ಯ.

ತಿದ್ದಲು ಸಮಯವಿತ್ತು. ಅದು ಹಾದುಹೋಗುವುದನ್ನು ಪ್ರಭು ಸುಮ್ಮನೆ ನೋಡಿದ.

"ಹೋದ ಸೋಮವಾರ."

"ಏನಾಗಿತ್ತು?"

"ಹಾರ್ಟು."

ನಾಗಕ್ಕ ಅಳಲಿಲ್ಲ. ಕಂಬದ ಬುಡದ ಬರಿನೆಲವನ್ನು ಅಂಗೈಯಿಂದ ಒಮ್ಮೆ ಒರೆಸಿದಳು. ಆಮೇಲೆ ಎಲ್ಲಿಂದಲೋ ಅವಳ ಕೂಗು ಎದ್ದಿತು. ಅಕ್ಕಪಕ್ಕದವರು ಓಡಿ ಬಂದರು. ಕಾಟಯ್ಯ ಒಲೆಗೆ ನೀರು ಸುರಿದು, ಮುದ್ದೆ, ಸಾರು ಎಲ್ಲವನ್ನೂ ಹಿತ್ತಲಿಗೆ ಚೆಲ್ಲಿದ. ಸಾವು ಕೇಳಿದ ಮನೆಯಲ್ಲಿ ಬೆಂದದ್ದನ್ನು ಉಣ್ಣುವಂತಿಲ್ಲವಂತೆ. ಈ ಪದ್ಧತಿ ತಾಜುದ್ದೀನನ ಪುಸ್ತಕದಲ್ಲಿ ಇರಲಿಲ್ಲ. ಅದು ಹೊಳೆದ ಕೂಡಲೇ ಪ್ರಭುವಿಗೆ ಸಂತೋಷವಾಯಿತು. ಸಂತೋಷವಾದದ್ದು ಗೊತ್ತಾಗಿ ಮೈ ತಣ್ಣಗಾಯಿತು.

"ಅವರವ್ವ ಪ್ಯಾರಿ ಬೀ ಹೆಂಗವ್ಳೋ. ಒಂದು ಫೋನ್ ಮಾಡಾಣ," ಎಂದಳು ನೆರೆಮನೆಯ ನೇತ್ರಾವತಿ.

"ಸಾವಿನ ಮನೀಗೆ ಫೋನ್ ಮಾಡ್ತಾರೇನವ್ವ? ಹೋಗ್ಬೇಕು. ಜುಂಜಯ್ಯನ ಗೂಡ್ಸ್ ಗಾಡಿ ಕರೀರಿ. ಎಲ್ರೂ ದುರ್ಗಕ್ಕೆ ಹೋಗಾಣ," ಎಂದ ಕಾಟಯ್ಯ.

"ಇವತ್ತು ಬೇಡ," ಎಂದ ಪ್ರಭು. "ಮನೇಲಿ ಯಾರೂ ಇರಲ್ಲ." ಅಳುವಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೆದರಿಕೆಗೆ ಅವನ ಕಣ್ಣು ತುಂಬಿತು.

ಅದನ್ನು ನಾಗಕ್ಕ ಕಂಡಳು. ಬಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಅಳಬ್ಯಾಡ ಕಣೋ. ಜೊತೆಗಾರನ್ನ ಕಳಕಂಡು ನೀನೂ ಒಂಟಿ ಆದ್ಯಲ್ಲಪ್ಪ. ಬಾ, ಇಲ್ಲಿ ಕುಂತ್ಕ." ಕಂಬಕ್ಕೆ ಒರಗಿಸಿ ಕೂರಿಸಿದಳು.

ನೀನು. ಸೀರೆಯಲ್ಲಿ ಹೊಗೆಯ, ಉಣ್ಣೆಯ ವಾಸನೆ. ಪ್ರಭು ಬೆನ್ನನ್ನು ಕಂಬಕ್ಕೆ ಗಟ್ಟಿಯಾಗಿ ಒತ್ತಿದ. ಹೆದರಿಕೆ ಹಾಗೇ ಇತ್ತು. ಅದರ ಮೇಲೆ ಏನೋ ಬೆಚ್ಚಗೆ ಹರಡಿಕೊಳ್ಳುತ್ತಿತ್ತು. ಗಾಡಿ ತಡವಾಗಲಿ ಎಂದು ಬೇಡಿಕೊಂಡ.

ತಡವಾಗಲಿಲ್ಲ. ಬೇಲಿಯಾಚೆ ಹಾರ್ನ್ ಕೇಳಿಸಿತು. ಎಲ್ಲರೂ ಹೊರಟರು. ಪ್ರಭು ಹಿಂದುಳಿದು ಕುರಿದೊಡ್ಡಿಯ ಪಕ್ಕ ನಿಂತ.

ದೊಡ್ಡಿಯಲ್ಲಿ ಕುರಿಗಾರ ಬೀರಪ್ಪ ಒಂದು ತಾಯಿಕುರಿಯ ಕತ್ತು ಹಿಡಿದು ಬಗ್ಗಿದ್ದ. ಅದರ ಕೆಚ್ಚಲಿಗೆ ಬಾಯಿಟ್ಟ ಮರಿಯ ಮೈಮೇಲೆ ಇನ್ನೊಂದು ಮರಿಯ ತೊಗಲನ್ನು ಸುತ್ತಿ ದಾರದಿಂದ ಕಟ್ಟಲಾಗಿತ್ತು. ಅಂಚಿನಲ್ಲಿ ಒಣಗಿದ ರಕ್ತ.

"ಅದೇನು?"

"ಇದರ ಮರಿ ನಿನ್ನೆ ಸತ್ತೋತು," ಎಂದ ಬೀರಪ್ಪ ತಲೆ ಎತ್ತದೆ. "ಈ ಮರಿ ತಬ್ಬಲಿ. ಸುಮ್ನೆ ಬಿಟ್ರೆ ಒದೀತೈತೆ. ಸತ್ತದ್ರ ತೊಗಲು ಹೊದ್ಸಿದ್ರೆ, ವಾಸ್ನೆ ನೋಡಿ ತನ್ ಮರೀನೇ ಅನ್ಕಂಡು ಹಾಲು ಕೊಡ್ತೈತೆ."

"ಎಷ್ಟು ದಿನ?"

"ತೊಗಲು ನಾರೋ ತನಕ."

"ಬಾರೋ, ಹೊತ್ತಾತು!" ನಾಗಕ್ಕ ಗಾಡಿಯಿಂದ ಕೂಗಿದಳು.

ಪ್ರಭು ದೊಡ್ಡಿಯ ಕಡೆಗೇ ನೋಡುತ್ತ ನಿಂತ. ಬೀರಪ್ಪ ಹಿಡಿತ ಸಡಿಲಿಸಿದ. ಕುರಿ ಕತ್ತು ತಿರುಗಿಸಿ ಮರಿಯ ಬೆನ್ನನ್ನು ಮೂಸಿತು. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಮೂಸಿತು. ಅದರ ಕೆಳಗೆ ಮರಿ ಮಂಡಿಯೂರಿ, ಕಣ್ಣು ಮುಚ್ಚಿ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಕುಡಿಯುತ್ತಿತ್ತು.